ಡೋಪಮೈನ್‌ನ ಹೊಸ ಔಷಧದ ಪ್ರಯೋಗಕ್ಕೆ ತಂದೆಯನ್ನು ಸೇರಿಸಬಹುದೇ?

ಪಾರ್ಕಿನ್ಸನ್ ಕಾಯಿಲೆಯಿರುವ ತಂದೆಯವರಿಗೆ ಈಗ ಮರೆವೂ ಶುರುವಾಗಿದೆ, ಡೋಪಮೈನ್ (ಚಲನೆಗೆ ಬೇಕಾದ ಮಿದುಳಿನ ರಾಸಾಯನಿಕ) ಔಷಧದ ಪ್ರಯೋಗಕ್ಕೆ ಸೇರಿಸಿದರೆ ಎರಡೂ ಗುಣವಾದೀತೇ ಎಂದು ಕೇಳಿದ್ದೀರಿ. ಆರು ವರ್ಷಗಳ ಹಿಂದೆ ನನ್ನ ತಾಯಿಗಾಗಿ ನಾನೂ ಇದನ್ನೇ ಕೇಳಿದ್ದೆ, ಅವಳನ್ನು ಅಂಥದೊಂದು ಪ್ರಯೋಗಕ್ಕೆ ಸೇರಿಸಿಯೂ ಇದ್ದೆ.

ಪ್ರತಿ ಭೇಟಿಗೆ ಮುಂಚಿನ ಮೂರು ದಿನ ನಾವು ದಿನಚರಿ ತುಂಬಬೇಕಿತ್ತು. ದಿನವನ್ನು ಅರ್ಧ ಗಂಟೆಯ 48 ಚೌಕಗಳಾಗಿ ವಿಂಗಡಿಸಿದ ಹಾಳೆ ಅದು. ರೋಗಿ ನಿದ್ರೆಯಲ್ಲಿದ್ದರೇ, ಸಲೀಸಾಗಿ ಓಡಾಡುವ 'ಆನ್' ಸ್ಥಿತಿಯಲ್ಲಿದ್ದರೇ, ಮೈ ಬಿಗಿದ 'ಆಫ್' ಸ್ಥಿತಿಯಲ್ಲಿದ್ದರೇ ಎಂದು ಗುರುತು ಹಾಕಬೇಕು. ಮೊದಲ ತಿಂಗಳಲ್ಲೇ ಅಮ್ಮ ತಾನಾಗಿ ರವಿಕೆಯ ಗುಂಡಿ ಹಾಕಿಕೊಂಡಳು, ನಾನು ಮರುಳಾದೆ. (ಔಷಧವೇ ಇಲ್ಲದ ಹುಸಿ ಚುಚ್ಚುಮದ್ದು ಪಡೆದ ಪಾರ್ಕಿನ್ಸನ್ ರೋಗಿಗಳ ಮಿದುಳಿನಲ್ಲೂ ಡೋಪಮೈನ್ ಸ್ರವಿಸುತ್ತದೆಂದು 2001ರಲ್ಲೇ ತೋರಿಸಲಾಗಿತ್ತು, ನನಗದು ಗೊತ್ತಿರಲಿಲ್ಲ.)

ಮೂರನೆಯ ತಿಂಗಳಿನಲ್ಲಿ ಅಮ್ಮನಿಗೆ ರಾತ್ರಿ ಕೋಣೆಯ ಮೂಲೆಯಲ್ಲಿ ಮಕ್ಕಳು ಕಾಣತೊಡಗಿದರು. "ನಿಂತೇ ಇದ್ದೀರಲ್ಲ, ಕುಳಿತುಕೊಳ್ಳಿ" ಎಂದು ಅವಳು ಅವರಿಗೆ ಹೇಳುವುದನ್ನು ಬಾಗಿಲಲ್ಲಿ ನಿಂತು ಕೇಳಿದ್ದೇನೆ. ನಾನು ಅದನ್ನು ವೈದ್ಯರಿಗೆ ಹೇಳಲಿಲ್ಲ. ಹೇಳಿದರೆ ಪ್ರಯೋಗದಿಂದ ಕೈಬಿಡುತ್ತಾರೆಂಬ ಭಯವಿತ್ತು. ಕನಸಿರಬೇಕೆಂದುಕೊಂಡೆ, ದಿನಚರಿಯಲ್ಲಿ ಭ್ರಮೆಗೆಂದು ಚೌಕವೇ ಇಲ್ಲವಲ್ಲ ಎಂದೂ ವಾದಿಸಿಕೊಂಡೆ. ಹೊಸ ತೊಂದರೆಯೇನಾದರೂ ಇದೆಯೇ ಎಂದು ವೈದ್ಯರು ನೇರವಾಗಿ ಕೇಳಿದಾಗ ನಿದ್ದೆ ಸ್ವಲ್ಪ ಕಡಿಮೆ ಎಂದೆ, ಅದು ಸುಳ್ಳಾಗಿರಲಿಲ್ಲ, ಆದರೆ ನಿಜವನ್ನು ಮುಚ್ಚಲೆಂದೇ ಆರಿಸಿಕೊಂಡ ಮಾತಾಗಿತ್ತು. ಎರಡು ಮೂರು 'ಆಫ್' ಚೌಕಗಳನ್ನೂ 'ಆನ್' ಎಂದು ತಿದ್ದಿದ್ದೆ. ಕಾಗದದಲ್ಲಿ ಎಲ್ಲವೂ ಸರಿಯಿದ್ದುದರಿಂದ ಅಂದು ಔಷಧದ ಪ್ರಮಾಣವನ್ನು ಏರಿಸಿದರು. ಮೂರು ವಾರಗಳಲ್ಲಿ, ಆ ಮಕ್ಕಳಿಗೆ ಜಾಗ ಬಿಡಲು ಕತ್ತಲಲ್ಲಿ ಎದ್ದ ಅಮ್ಮ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು.

'ಎರಡೂ ಗುಣವಾದೀತೇ' ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. 1960ರ ದಶಕದ ಕೊನೆಯಲ್ಲಿ ಕೋಟ್ಜಿಯಾಸ್ ಎಂಬ ವೈದ್ಯರು ಬಾಯಿಯ ಮೂಲಕ ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟು ಫಲ ತೋರಿಸಿದ ಲೆವೊಡೋಪಾ ಎಂಬ ಹಳೆಯ ಔಷಧವಿರಲಿ, ಮಿದುಳಿನಲ್ಲಿ ಡೋಪಮೈನ್‌ನ ಸಂದೇಶ ಪಡೆಯುವ ಡಿ1 ಗ್ರಾಹಕಗಳನ್ನು ಪ್ರಚೋದಿಸುವ ಇಂದಿನ ಪ್ರಯೋಗದ ಔಷಧಗಳಿರಲಿ, ಅವು ಡೋಪಮೈನ್‌ನ ಕೊರತೆಯನ್ನು ತುಂಬುತ್ತವೆಯೇ ಹೊರತು ಡೋಪಮೈನ್ ತಯಾರಿಸುವ ಜೀವಕೋಶಗಳ ಸಾವನ್ನು ತಡೆಯುತ್ತವೆಂದು ಸಾಬೀತಾಗಿಲ್ಲ. ಮರೆವಿನ ಹಿಂದೆ ಅಸಿಟೈಲ್‌ಕೋಲಿನ್ ಎಂಬ ಇನ್ನೊಂದು ಮಿದುಳಿನ ರಾಸಾಯನಿಕದ ಕೊರತೆಯೂ ಇರುತ್ತದೆ. ಪಾರ್ಕಿನ್ಸನ್ ಮರೆವಿಗೆ ಅದನ್ನು ಹೆಚ್ಚಿಸುವ ರಿವಾಸ್ಟಿಗ್ಮಿನ್ ಕೊಡುವುದು ಅದಕ್ಕಾಗಿಯೇ. ಡಿ1 ಗ್ರಾಹಕದ ಮೆವಿಡಲೆನ್ ಎಂಬ ಔಷಧವನ್ನು ಲೂಯಿ ಬಾಡಿ ಮರೆವಿನ (ಪಾರ್ಕಿನ್ಸನ್‌ಗೆ ಹತ್ತಿರದ ಮರೆವಿನ ಕಾಯಿಲೆ) ರೋಗಿಗಳಲ್ಲಿ ಪರೀಕ್ಷಿಸಿದಾಗ ಚಲನೆ ಸುಧಾರಿಸಿತು, ಸ್ಮರಣೆ ಮತ್ತು ಗ್ರಹಿಕೆ ಸುಧಾರಿಸಲಿಲ್ಲ.

ಸೇರಿಸುವುದಾದರೆ ಸೇರಿಸಿ. ಆದರೆ ದಿನಚರಿಯನ್ನು, ತಂದೆಯವರು ಪ್ರಯೋಗದಲ್ಲೇ ಉಳಿಯಲಿ ಎಂದು ನಿಮ್ಮಷ್ಟು ಹಂಬಲಿಸದ ಯಾರಾದರೂ ಬರೆಯಲಿ. ಇಂಥ ಔಷಧಗಳಿಂದ ಬರಬಹುದಾದ ಭ್ರಮೆ, ಜೂಜಿನ ಚಟ, ಹಗಲಲ್ಲಿ ಇದ್ದಕ್ಕಿದ್ದಂತೆ ಆವರಿಸುವ ನಿದ್ದೆ, ಇವುಗಳಲ್ಲಿ ಯಾವುದು ಕಂಡರೂ ಮುಂದಿನ ಭೇಟಿಗೆ ಕಾಯದೆ ಅಂದೇ ವೈದ್ಯರಿಗೆ ದೂರವಾಣಿ ಮಾಡಿ. ಗಾಬರಿಯಿಂದ ಔಷಧವನ್ನು ನೀವಾಗಿಯೇ ಒಮ್ಮೆಲೇ ನಿಲ್ಲಿಸಬೇಡಿ, ಅದೂ ಅಪಾಯಕಾರಿ.