ತಗಡಿನ ಗೋಡೆ ಬೆವರುತ್ತಿದೆ, ಏನು ಮಾಡಲಿ?

ಪ್ರಶ್ನೆ: ಎರಡು ವರ್ಷದ ಹಿಂದೆ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಮನೆ ತಗೊಂಡೆವು. ಹಿತ್ತಲಲ್ಲಿ ಒಂದು ಪೋಲ್ ಬಾರ್ನ್ ಇದೆ, ಅಂದರೆ ನೆಲದಲ್ಲಿ ಹೂತ ಕಂಬಗಳಿಗೆ ತಗಡು ಹೊಡೆದ ದೊಡ್ಡ ಶೆಡ್. 30 ಅಡಿಗೆ 40 ಅಡಿ, ಗೋಡೆ 10 ಅಡಿ ಎತ್ತರ. ಅದನ್ನೇ ಮರಗೆಲಸದ ವರ್ಕ್‌ಶಾಪ್ ಮಾಡಿಕೊಂಡಿದ್ದೇನೆ. ಕಳೆದ ವರ್ಷ ಸೀಲಿಂಗ್ ಹಾಕಿಸಿ, ಅದರ ಮೇಲೆ ಇನ್ಸುಲೇಷನ್ ಊದಿಸಿದೆ. ಗೋಡೆ ಮಾತ್ರ ಬರೀ ತಗಡು. ಸಿಲಿಂಡರ್ ಮೇಲೆ ಕೂರುವ ಪ್ರೊಪೇನ್ ಹೀಟರ್ ಹಚ್ಚಿದರೆ ಅರ್ಧ ಗಂಟೆಯಲ್ಲಿ ತಗಡಿನ ಒಳಮೈಯಿಂದ ನೀರು ಇಳಿಯುತ್ತದೆ. ಉಳಿ, ತೋಪಡ ಎಲ್ಲ ತುಕ್ಕು ಹಿಡಿಯುತ್ತಿವೆ. ಫೈಬರ್‌ಗ್ಲಾಸ್ (ಗಾಜಿನ ಉಣ್ಣೆ) ತುಂಬಿಬಿಡಿ ಅಂತ ಪಕ್ಕದ ಮನೆಯವರು ಹೇಳುತ್ತಾರೆ. ನೋಡಲು ಬಂದ ಕಂಟ್ರಾಕ್ಟರ್ ಸ್ಪ್ರೇ ಫೋಮ್ (ಸಿಂಪಡಿಸಿದ ಮೇಲೆ ಉಬ್ಬಿ ಗಟ್ಟಿಯಾಗುವ ನೊರೆ) ಬಿಟ್ಟರೆ ಬೇರೆ ದಾರಿಯೇ ಇಲ್ಲ ಎನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಗೋಡೆಗೆ ಕೈ ಹಾಕುವ ಮೊದಲು ಆ ಹೀಟರ್ ಆರಿಸಿ. ತಗಡಿನ ಮೇಲೆ ಇಳಿಯುತ್ತಿರುವ ನೀರಿನಲ್ಲಿ ದೊಡ್ಡ ಪಾಲು ಅದರದ್ದೇ. ಪ್ರೊಪೇನ್ ಉರಿದಾಗ ಬಿಸಿಯ ಜೊತೆಗೆ ನೀರಾವಿಯೂ ಹುಟ್ಟುತ್ತದೆ. ಒಂದು ಕೆಜಿ ಗ್ಯಾಸಿಗೆ ಸುಮಾರು 1.6 ಲೀಟರ್ ನೀರು. 20 ಪೌಂಡಿನ ಒಂದು ಸಿಲಿಂಡರ್ ಖಾಲಿಯಾಗುವಷ್ಟರಲ್ಲಿ ಹತ್ತಿರ ಹತ್ತಿರ 15 ಲೀಟರ್, ಅಂದರೆ ಒಂದು ಬಕೆಟ್ ನೀರನ್ನು ನೀವೇ ಒಳಗಿನ ಗಾಳಿಗೆ ಸುರಿದ ಹಾಗಾಯಿತು. ಕಾರ್ಬನ್ ಮೊನಾಕ್ಸೈಡ್ ಭಯ ಬೇರೆ. ಗೋಡೆಯ ಸಂದುಗಳನ್ನು ಮುಚ್ಚಿದ ಮೇಲೆ ಆ ಭಯ ಇನ್ನೂ ಜಾಸ್ತಿ. ಹೊಗೆಯನ್ನು ಕೊಳವೆಯಲ್ಲಿ ಹೊರಗೆ ಬಿಡುವ, ಉರಿಯಲು ಬೇಕಾದ ಗಾಳಿಯನ್ನೂ ಹೊರಗಿನಿಂದಲೇ ಎಳೆದುಕೊಳ್ಳುವ ಹೀಟರ್ ಹಾಕಿಸಿ. ಮರದ ಪುಡಿ ಹಾರಾಡುವ ಜಾಗದಲ್ಲಿ ಬೆಂಕಿ ಡಬ್ಬಿಯೊಳಗೆ ಮುಚ್ಚಿಕೊಂಡಿರುವುದೇ ಕ್ಷೇಮ.

ಈಗ ಗೋಡೆಗೆ ಬರೋಣ. ನಾಲ್ಕೂ ಕಡೆ ಸೇರಿ ನಿಮ್ಮ ಗೋಡೆ 1,400 ಚದರ ಅಡಿ. ಬಾಗಿಲು, ಕಿಟಕಿ ಕಳೆದರೆ 1,200 ಅಂತ ಇಟ್ಟುಕೊಳ್ಳಿ. ಒಳಗೆ 60 ಡಿಗ್ರಿ ಫ್ಯಾರನ್‌ಹೀಟ್, ಹೊರಗೆ ಸೊನ್ನೆ. ಬರೀ ತಗಡಿನ ಆರ್ ಬೆಲೆ (ಬಿಸಿಯನ್ನು ತಡೆಯುವ ಶಕ್ತಿಯ ಅಳತೆ, ಹೆಚ್ಚಿದ್ದಷ್ಟೂ ಒಳ್ಳೆಯದು) ಹೆಚ್ಚೆಂದರೆ 1. ಅಂದರೆ ಗೋಡೆಯಿಂದಲೇ ಗಂಟೆಗೆ 72,000 ಬಿಟಿಯು (ಬಿಸಿಯ ಅಳತೆ) ಹೊರಗೆ ಹೋಗುತ್ತದೆ. ಒಂದು ಗ್ಯಾಲನ್ ಪ್ರೊಪೇನ್ ಪೂರ್ತಿ ಉರಿದರೆ ಸಿಗುವುದೇ ಸುಮಾರು 91,500. ಅದೇ ಗೋಡೆ ಆರ್-20 ಆದರೆ ಗಂಟೆಗೆ ಹೋಗುವುದು 3,600 ಮಾತ್ರ. ದುಡ್ಡಿನ ಲೆಕ್ಕಕ್ಕೆ ಇಷ್ಟು ಸಾಕು. ಯಾವ ಇನ್ಸುಲೇಷನ್ ಹಾಕಿದರೂ ಖರ್ಚು ಇಳಿಯುತ್ತದೆ.

ನನಗೆ ಅದಕ್ಕಿಂತ ದೊಡ್ಡ ಚಿಂತೆ ಆ ನೀರಿನದು. ಒಳಗೆ 60 ಡಿಗ್ರಿ ಬಿಸಿ, ಶೇ. 50ರಷ್ಟು ತೇವ ಇದ್ದರೆ, 41 ಡಿಗ್ರಿಗಿಂತ ತಣ್ಣಗಿರುವ ಏನೇ ಇರಲಿ, ಅದರ ಮೇಲೆ ನೀರು ಕಟ್ಟುತ್ತದೆ. ನಿಮ್ಮ ಕಡೆ ಚಳಿಗಾಲದ ತಗಡು ಅದಕ್ಕಿಂತ ಎಷ್ಟೋ ತಣ್ಣಗಿರುತ್ತದೆ, ಅಲ್ವಾ? ಫೈಬರ್‌ಗ್ಲಾಸ್ ತುಂಬಿದಿರಿ ಅಂತಿಟ್ಟುಕೊಳ್ಳಿ. ಬಿಸಿ ಒಳಗೇ ನಿಲ್ಲುತ್ತದೆ, ತಗಡು ಇನ್ನೂ ತಣ್ಣಗಾಗುತ್ತದೆ. ಆದರೆ ಗಾಳಿ ಆ ಉಣ್ಣೆಯ ಮೂಲಕ ನುಸುಳಿ ಹೋಗಿ ತಗಡನ್ನು ಮುಟ್ಟುತ್ತಲೇ ಇರುತ್ತದೆ. ಮೊದಲು ಕಣ್ಣಿಗೆ ಕಾಣುತ್ತಿದ್ದ ನೀರು ಈಗ ಗೋಡೆಯೊಳಗೆ ಕಾಣದ ಹಾಗೆ ಇಳಿಯುತ್ತದೆ.

ನನಗೆ ಆಗಿದ್ದೇ ಅದು. ಮಿನೆಸೋಟದಲ್ಲಿ ನನ್ನದೂ ಇಂಥದ್ದೇ ಒಂದು ಬಾರ್ನ್. ಗರ್ಟ್‌ಗಳ ಮಧ್ಯೆ, ಅಂದರೆ ತಗಡನ್ನು ಹಿಡಿದಿರುವ ಆ ಅಡ್ಡ ಹಲಗೆಗಳ ಮಧ್ಯೆ ಫೈಬರ್‌ಗ್ಲಾಸನ್ನು ತಗಡಿಗೇ ಒತ್ತಿ ತುಂಬಿದೆ. ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಪ್ಲೈವುಡ್ ಬಡಿದೆ. ಹಾಳೆಯ ಜೋಡಣೆಗಳಿಗೆ ಟೇಪ್ ಹಚ್ಚಿರಲಿಲ್ಲ. ಸ್ವಿಚ್ ಡಬ್ಬಿಗಳ ಸುತ್ತ ಸುಮ್ನೆ ಕತ್ತರಿಸಿ ಬಿಟ್ಟಿದ್ದೆ. ಎರಡು ಚಳಿಗಾಲ ಏನೂ ಗೊತ್ತಾಗಲಿಲ್ಲ. ಮೂರನೇ ವರ್ಷ ಮಾರ್ಚ್‌ನಲ್ಲಿ ಚುರುಕು ಬಿಸಿಲು ಬಿದ್ದ ಮೊದಲ ದಿನ, ದಕ್ಷಿಣದ ಗೋಡೆಯ ಬುಡದಿಂದ ನೆಲಕ್ಕೆ ನೀರು ಹರಿಯಿತು. ಹೊರಗಿನ ಹಿಮ ಕರಗಿ ಒಳಗೆ ಬಂತು ಅಂದುಕೊಂಡೆ. ಪ್ಲೈವುಡ್ ಕಿತ್ತು ನೋಡಿದರೆ ಉಣ್ಣೆಯ ಬೆನ್ನು ಮಂಜುಗಡ್ಡೆಯಾಗಿ ತಗಡಿಗೆ ಕಚ್ಚಿಕೊಂಡಿತ್ತು. ಎಳೆದರೆ ಚರಚರ ಸದ್ದಾಯಿತು. ಕರಗಿದ ಭಾಗವನ್ನು ಹಿಂಡಿದರೆ ನೆನೆದ ಗೋಣಿಚೀಲದ ಹಾಗೆ ನೀರು ಸುರಿಯಿತು. ಕೆಳಗಿನ ಗರ್ಟ್ ಕಪ್ಪಾಗಿತ್ತು. ಸ್ಕ್ರೂಡ್ರೈವರ್ ಚುಚ್ಚಿದರೆ ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿಯಿತು. ಸ್ವಿಚ್ ಡಬ್ಬಿಗಳ ಹಿಂದೆಯೇ ಮಂಜುಗಡ್ಡೆ ಎಲ್ಲಕ್ಕಿಂತ ದಪ್ಪ. ಚಳಿಗಾಲವೆಲ್ಲ ನಾನು ಬಿಸಿ ಮಾಡಿದ ಗಾಳಿ ಆ ತೂತುಗಳಿಂದ ಒಳಗೆ ಹೋಗಿ, ಅದರಲ್ಲಿದ್ದ ಆವಿ ಹೆಪ್ಪುಗಟ್ಟಿತ್ತು.

ಅದಕ್ಕೇ ಹೇಳುತ್ತೇನೆ, ನಿಮ್ಮ ಕೆಲಸ ಒಂದೇ: ಒಳಗಿನ ಬೆಚ್ಚನೆ ಗಾಳಿ ತಗಡನ್ನು ಮುಟ್ಟಬಾರದು. ಉಣ್ಣೆ ಯಾವುದು, ಎಷ್ಟು ದಪ್ಪ ಎಂಬುದೆಲ್ಲ ಆಮೇಲಿನ ಮಾತು.

ಕಂಟ್ರಾಕ್ಟರ್ ಹೇಳಿದ್ದು ತಪ್ಪಲ್ಲ. ಕ್ಲೋಸ್ಡ್ ಸೆಲ್ ಫೋಮ್, ಅಂದರೆ ಗುಳ್ಳೆಗಳೆಲ್ಲ ಮುಚ್ಚಿರುವ ಸ್ಪ್ರೇ ಫೋಮ್, ತಗಡಿಗೇ ಅಂಟಿಕೊಳ್ಳುವುದರಿಂದ ಗಾಳಿಗೆ ಹೋಗಲು ಜಾಗವೇ ಇರುವುದಿಲ್ಲ. ಒಂದು ಇಂಚಿಗೆ ಆರ್-6ಕ್ಕೂ ಮೇಲೆ ಸಿಗುತ್ತದೆ. ಎರಡು ಇಂಚು ಸಿಂಪಡಿಸಿ, ಅದರ ಮುಂದೆ ಮಾಮೂಲಿ ಉಣ್ಣೆ ಇಟ್ಟರೂ ಆಗುತ್ತದೆ. ಗುಳ್ಳೆಗಳು ತೆರೆದಿರುವ ಓಪನ್ ಸೆಲ್ ಫೋಮ್ ಮಾತ್ರ ತಗಡಿಗೆ ಬೇಡ, ಅದು ಆವಿಯನ್ನು ಬಿಟ್ಟುಕೊಡುತ್ತದೆ. ಕ್ಲೋಸ್ಡ್ ಸೆಲ್ ಬಗ್ಗೆ ನನಗೆ ಎರಡು ತಕರಾರು. ಬೆಲೆ ಒಂದು. ಇನ್ನೊಂದು, ಮುಂದೆ ಟ್ರ್ಯಾಕ್ಟರ್ ತಾಗಿ ಒಂದು ತಗಡು ನೆಗ್ಗಿದರೆ ಅದನ್ನು ಬಿಚ್ಚಿ ಬೇರೆ ಹಾಕುವುದು ಯಮಯಾತನೆ. ಫೋಮ್ ಸಮೇತ ಕಿತ್ತು ಬರಬೇಕು. ಹಾಕಿಸಿದರೆ ಅದರ ಮೇಲೆ ಅರ್ಧ ಇಂಚಿನ ಜಿಪ್ಸಮ್ ಬೋರ್ಡ್ ಬೇಕೇ ಬೇಕು. ಬೆತ್ತಲೆ ಫೋಮಿಗೆ ಬೆಂಕಿ ತಾಗಿದರೆ ಓಡಲು ಸಮಯ ಸಿಗುವುದಿಲ್ಲ.

ನಾನು ಎರಡನೇ ಸಲ ಮಾಡಿದ್ದು ಬೇರೆ ರೀತಿ. ಬೇಸಿಗೆಯಲ್ಲಿ ಒಂದೊಂದೇ ಗೋಡೆಯ ತಗಡು ಬಿಚ್ಚಿದೆವು, ನಾನು ಮತ್ತು ನನ್ನ ಹೆಂಡತಿ. ಯಾವ ತಗಡು ಎಲ್ಲಿಯದು ಅಂತ ಹಿಂಬದಿಯಲ್ಲಿ ನಂಬರ್ ಬರೆದು ಸಾಲಾಗಿ ಇಟ್ಟೆವು. ಗರ್ಟ್‌ಗಳ ಮೇಲೆ ಗೋಡೆಗೆ ಸುತ್ತುವ ತೆಳು ಹಾಳೆಯಾದ ಹೌಸ್‌ರ‍್ಯಾಪ್ ಹೊದಿಸಿ, ಜೋಡಣೆಗೆ ಟೇಪ್ ಹಚ್ಚಿ, ಅದೇ ತಗಡನ್ನು ವಾಪಸ್ ಕೂರಿಸಿದೆವು. ಹಳೇ ತೂತು ಸಡಿಲವಾಗಿರುತ್ತದೆ, ಆದ್ದರಿಂದ ಒಂದು ಗಾತ್ರ ದಪ್ಪದ ಹೊಸ ಸ್ಕ್ರೂ, ಹೊಸ ರಬ್ಬರ್ ವಾಷರ್. ಹೌಸ್‌ರ‍್ಯಾಪ್ ತಗಡಿನಿಂದ ಬೀಳುವ ಹನಿಯನ್ನು ಒಳಗೆ ಬಿಡುವುದಿಲ್ಲ. ಗೋಡೆಯೊಳಗಿನ ಆವಿಯನ್ನು ಹೊರಗೆ ಬಿಡುತ್ತದೆ. ಅಲ್ಲಿ ಪ್ಲಾಸ್ಟಿಕ್ ಹಾಕಿದರೆ ಕೆಲಸ ಕೆಟ್ಟಿತು, ಒಳಗೆ ಸಿಕ್ಕಿದ ತೇವಕ್ಕೆ ದಾರಿಯೇ ಇರುವುದಿಲ್ಲ.

ಒಳಗಿನಿಂದ ನೋಡಿದರೆ ಗರ್ಟ್ ಒಂದೂವರೆ ಇಂಚು, ಕಂಬ ಐದೂವರೆ ಇಂಚು, ಒಟ್ಟು ಏಳು ಇಂಚಿನ ಪೊಳ್ಳು. ಗರ್ಟ್‌ಗಳ ಮಧ್ಯೆ ಒಂದೂವರೆ ಇಂಚಿನ ಮಿನರಲ್ ವೂಲ್ (ಕಲ್ಲಿನ ಉಣ್ಣೆ) ಹಲಗೆ ಕೂರಿಸಿದೆ. ಕಂಬಗಳ ಮಧ್ಯೆ ಎರಡು-ಆರರ (ನಿಜ ಅಳತೆ ಒಂದೂವರೆಗೆ ಐದೂವರೆ ಇಂಚು) ಹಲಗೆಗಳನ್ನು 24 ಇಂಚಿಗೊಂದರಂತೆ ನಿಲ್ಲಿಸಿ, ಐದೂವರೆ ಇಂಚಿನ ಮಿನರಲ್ ವೂಲ್ ತುಂಬಿದೆ. ಅದೊಂದೇ ಆರ್-23. ಫೈಬರ್‌ಗ್ಲಾಸ್ ಅಗ್ಗ, ಸರಿಯಾಗಿ ಹಾಕಿದರೆ ಚೆನ್ನಾಗಿಯೇ ಕೆಲಸ ಮಾಡುತ್ತದೆ. ನಾನು ಗ್ರೈಂಡರ್ ಬಳಸುವವನು, ಕಿಡಿ ಹಾರುತ್ತದೆ, ಮಿನರಲ್ ವೂಲ್ ಬೆಂಕಿಗೆ ಜಗ್ಗುವುದಿಲ್ಲ. ಅದಕ್ಕೇ ಅದನ್ನು ತಗೊಂಡೆ. ವೈರಿಂಗ್ ಎಲ್ಲ ಇದಕ್ಕೂ ಮೊದಲೇ ಮುಗಿದಿರಬೇಕು, ಪರ್ಮಿಟ್ ಬೇಕೇ ಅಂತಲೂ ಮೊದಲೇ ಕೇಳಿಕೊಳ್ಳಿ.

ಇನ್ನು ಒಳಮಗ್ಗುಲಿನ ಪ್ಲಾಸ್ಟಿಕ್ ಹಾಳೆ, 6 ಮಿಲ್ (ಇಂಚಿನ ಸಾವಿರದಲ್ಲಿ ಆರು ಪಾಲು) ದಪ್ಪದ್ದು. ನಿಮ್ಮಂಥ ಚಳಿ ಪ್ರದೇಶದಲ್ಲಿ ಬೆಚ್ಚಗಿರುವ ಕಡೆ ಆವಿ ತಡೆಯುವ ಪದರ ಇರಬೇಕು ಅಂತ ಅಲ್ಲಿನ ಮಾದರಿ ಕಟ್ಟಡ ನಿಯಮವೇ ಹೇಳುತ್ತದೆ. ಈ ಕೆಲಸಕ್ಕೆ ಒಂದಿಡೀ ದಿನ ಜಾಸ್ತಿ ಕೊಡಿ. ಜೋಡಣೆಯಲ್ಲಿ ಒಂದು ಹಾಳೆ ಇನ್ನೊಂದರ ಮೇಲೆ ಒಂದಡಿ ಬರಲಿ. ಟೇಪನ್ನು ಬೆರಳಿನಿಂದ ಒತ್ತಿ ತೀಡಿ. ಕೆಳಗೆ ನೆಲದ ಹಲಗೆಗೆ, ಮೇಲೆ ಸೀಲಿಂಗಿನ ಹಾಳೆಗೆ ಒಣಗದ ಅಂಟು ಹಚ್ಚಿ ಕೂಡಿಸಿ. ಸ್ವಿಚ್ ಡಬ್ಬಿಗಳಿಗೆ ಗ್ಯಾಸ್ಕೆಟ್ ಇರುವುದನ್ನೇ ತನ್ನಿ. ಮುಗಿದ ಮೇಲೆ ರಾತ್ರಿ ದೀಪ ಆರಿಸಿ, ಟಾರ್ಚನ್ನು ಗೋಡೆಗೆ ಅಡ್ಡಲಾಗಿ ಹಿಡಿದು ನಡೆಯಿರಿ. ಎಲ್ಲಿ ಟೇಪ್ ಎದ್ದಿದೆಯೋ ಅಲ್ಲಿ ನೆರಳು ಬೀಳುತ್ತದೆ. ನನಗೆ ಹಾಗೆ 11 ಜಾಗ ಸಿಕ್ಕವು. ಸ್ಪ್ರೇ ಫೋಮ್ ದಾರಿ ಹಿಡಿದರೆ ಮಾತ್ರ ಈ ಹಾಳೆ ಬೇಡ, ಎರಡು ಇಂಚಿನ ಫೋಮೇ ಆ ಕೆಲಸ ಮಾಡುತ್ತದೆ.

ಗೋಡೆಯ ಬುಡವನ್ನು ಮರೆಯಬೇಡಿ. ಪೋಲ್ ಬಾರ್ನ್‌ಗೆ ಸುತ್ತಲೂ ಅಡಿಪಾಯ ಇರುವುದಿಲ್ಲ, ಕಂಬ ಮಾತ್ರ ನೆಲದೊಳಗೆ. ಕಾಂಕ್ರೀಟ್ ನೆಲದ ಅಂಚು ಹೊರಗಿನ ಚಳಿಗೆ ನೇರವಾಗಿ ಒಡ್ಡಿಕೊಂಡಿರುತ್ತದೆ. ಹೊರಗಡೆಯಿಂದ ಎರಡು ಅಡಿ ಆಳ ತೋಡಿ, ಎರಡು ಇಂಚಿನ ಎಕ್ಸ್‌ಪಿಎಸ್ (ಗಟ್ಟಿ ಫೋಮ್) ಹಲಗೆ ನಿಲ್ಲಿಸಿ. ನೆಲದ ಮೇಲೆ ಕಾಣುವ ಭಾಗಕ್ಕೆ ತಗಡು ಹೊದಿಸಿ, ಬಿಸಿಲು ತಾಗಿದರೆ ಅದು ಪುಡಿಯಾಗುತ್ತದೆ. ಅಲ್ಲೇ ತಗಡಿನ ಏಣುಗಳ ಕೆಳಗಿನ ತೆರೆದ ಬಾಯಿಗಳಿಗೆ ಕಾಲು ಇಂಚಿನ ಕಣ್ಣಿನ ಜಾಲರಿ ಹೊಡೆಯಿರಿ. ನನ್ನ ಹಳೇ ಉಣ್ಣೆಯೊಳಗೆ ಇಲಿಗಳು ನೆಲದಿಂದ ಮೇಲಿನವರೆಗೆ ಸುರಂಗ ಕೊರೆದಿದ್ದವು. ಒಂದು ಗೂಡಿನಲ್ಲಿ ನನ್ನದೇ ಕೈಗವಸಿನ ಬೆರಳೊಂದು ಸಿಕ್ಕಿತು.

ಪ್ರಶ್ನೆ (ಮಿಷಿಗನ್‌ನಿಂದ): ಗುಳ್ಳೆ ಗುಳ್ಳೆಯ ಬೆಳ್ಳಿ ಹಾಳೆ ಸಿಗುತ್ತದಲ್ಲ, ಅದನ್ನೇ ತಗಡಿನ ಒಳಗೆ ಅಂಟಿಸಿದರೆ ಸಾಲದೇ? ಸುರುಳಿ ಬಿಚ್ಚಿದರೆ ಕೆಲಸ ಮುಗಿಯಿತು.

ಉತ್ತರ: ಬಿಸಿ ಮಾಡುವ ವರ್ಕ್‌ಶಾಪಿಗೆ ಸಾಲದು. ಆ ಹಾಳೆಯ ಸ್ವಂತ ಆರ್ ಬೆಲೆ ಸುಮಾರು 1. ಹೊಳೆಯುವ ಮೈಯ ಮುಂದೆ ಖಾಲಿ ಗಾಳಿಯ ಜಾಗ ಇದ್ದರೆ ಸ್ವಲ್ಪ ಹೆಚ್ಚು ಸಿಗುತ್ತದೆ. ತಗಡಿಗೆ ಅಂಟಿಸಿದರೆ ಆ ಬದಿಯ ಹೊಳಪು ದಂಡ. ಬಿಸಿ ಮಾಡದ ಶೆಡ್ಡಿನಲ್ಲಿ ಚಾವಣಿಯಿಂದ ಹನಿ ಬೀಳದಂತೆ ತಡೆಯಲು ಒಳ್ಳೆಯದೇ. ಅದಾಗಲೇ ಹಾಕಿದ್ದರೆ ಅದರ ಮೇಲೆ ಉಣ್ಣೆ, ಮತ್ತೆ ಒಳಗಿನಿಂದ ಪ್ಲಾಸ್ಟಿಕ್ ಅಂತ ಎರಡೂ ಕಡೆ ಮುಚ್ಚಲು ಹೋಗಬೇಡಿ.

ಪ್ರಶ್ನೆ (ಮಿನೆಸೋಟದಿಂದ): ನಾನು ಶನಿವಾರ, ಭಾನುವಾರ ಮಾತ್ರ ಹೀಟರ್ ಹಾಕುತ್ತೇನೆ. ಗೋಡೆ ಈಗ ಒಣಗಿದೆ. ಆದರೂ ಟೇಬಲ್ ಗರಗಸದ ಮೇಲ್ಮೈ ಮೇಲೆ ಪ್ರತಿ ವಾರ ತುಕ್ಕು. ಯಾಕೆ?

ಉತ್ತರ: ಎರಕದ ಕಬ್ಬಿಣ ಬಿಸಿಯಾಗಲು ಬಹಳ ಹೊತ್ತು ಬೇಕು. ಗಾಳಿ ಒಂದು ಗಂಟೆಯಲ್ಲಿ ಬೆಚ್ಚಗಾಗುತ್ತದೆ, ಗರಗಸ ಇನ್ನೂ ಶುಕ್ರವಾರ ರಾತ್ರಿಯ ಚಳಿಯಲ್ಲೇ ಇರುತ್ತದೆ. ಬೂಟಿನ ಹಿಮ ಕರಗಿ, ನಿಮ್ಮ ಉಸಿರು ಸೇರಿ, ಆ ತೇವ ಹೋಗಿ ಕೂರುವುದು ಅಲ್ಲಿಯೇ. ಗೋಡೆ ಸರಿಯಾಗಿದ್ದರೆ ವಾರವೆಲ್ಲ 45 ಡಿಗ್ರಿ ಫ್ಯಾರನ್‌ಹೀಟ್ ಇಟ್ಟರೂ ಖರ್ಚು ತಡೆದುಕೊಳ್ಳಬಹುದು, ಗರಗಸವೂ ಪೂರ್ತಿ ತಣ್ಣಗಾಗುವುದಿಲ್ಲ. ಅದು ಬೇಡ ಎಂದರೆ ಶುಕ್ರವಾರ ಸಂಜೆಯೇ ನಿಧಾನವಾಗಿ ಬಿಸಿ ಏರಿಸಿ. ತಿಂಗಳಿಗೊಮ್ಮೆ ಗಟ್ಟಿ ಮೇಣ ತೆಳುವಾಗಿ ಹಚ್ಚಿ ಒರೆಸಿ. ಸಿಲಿಕೋನ್ ಬೆರೆತ ಮೇಣ ಮಾತ್ರ ತರಬೇಡಿ, ಅದು ಮರಕ್ಕೆ ಹತ್ತಿದರೆ ಆಮೇಲೆ ಪಾಲಿಶ್ ಹಿಡಿಯದೆ ಕಣ್ಣು ಕಣ್ಣಾಗಿ ಬಿಡುತ್ತದೆ.