ಸಂಪಾದಕರ ಉತ್ತರ: ನಂಬದವನಿಗೆ ಈ ಚಪಲವೇಕೆ?

ದೇವರಲ್ಲಿ ನನಗೆ ನಂಬಿಕೆಯಿಲ್ಲ, ಆದರೂ ರೇಡಿಯೋದಲ್ಲಿ ಧರ್ಮದ ವಾದ ಬಂದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಕೇಳುತ್ತೇನೆ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೆ. ಕಾಪುವಿನ ಹಿರಿಯ ಓದುಗರೊಬ್ಬರಿಗೆ ಅದು ಸರಿಬಂದಿಲ್ಲ. “ಮೀನು ತಿನ್ನದವನು ಮಲ್ಪೆ ಬಂದರಿಗೆ ಹೋಗಿ ಬಂಗುಡೆಯ ಬೆಲೆ ವಿಚಾರಿಸಿದ ಹಾಗಾಯಿತು. ನಿಮ್ಮದು ಕುಚೋದ್ಯವೋ, ಒಳಗೊಳಗೇ ಭಕ್ತಿಯೋ?” ಎಂದು ಕೇಳಿದ್ದಾರೆ. ಬೆಂಗಳೂರಿನಲ್ಲಿರುವ ಅವರ ಮಗನೂ ನನ್ನ ಪಂಗಡದವನೇ ಅಂತೆ. ಅವನು ಊರಿಗೆ ಬಂದಾಗ ಏನನ್ನು ಕೇಳಿಸಲಿ ಎಂಬುದು ಪತ್ರದ ಕೊನೆಯ ಪ್ರಶ್ನೆ.

ಮಾನ್ಯರೇ,

ಬಂಗುಡೆಯ ಮಾತನ್ನು ಕಚೇರಿಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ನಗು ನಿಮ್ಮ ಪಾಲಿಗೇ ಬಂತು. ಆದರೆ ನನ್ನದು ಕುಚೋದ್ಯವಲ್ಲ. ಕುಚೋದ್ಯಕ್ಕೆ ಕೂತವನು ಯಕ್ಷಗಾನದ ಮಾತಿನ ಕೂಟವಾದ ತಾಳಮದ್ದಳೆಯನ್ನು ಕೊನೆಯ ಮಂಗಳದವರೆಗೆ ಕೇಳುವುದಿಲ್ಲ. ಭಕ್ತಿಯೂ ಅಲ್ಲ. ಒಬ್ಬ ಮನುಷ್ಯ ತನಗೆ ಪ್ರಾಣಕ್ಕೆ ಸಮನಾದ ವಿಷಯವನ್ನು ಹಿಡಿದು ವಾದ ಕಟ್ಟುವಾಗ ಆ ಕಟ್ಟುವಿಕೆಯನ್ನು ಕೇಳುವ ಸುಖ ನನ್ನದು.

1976ರಲ್ಲಿ ಮಂಗಳೂರು ಆಕಾಶವಾಣಿ ಶುರುವಾದ ಮೇಲೆ ತಾಳಮದ್ದಳೆ ಮನೆಯೊಳಗೇ ಬಂತು. ವೇಷವಿಲ್ಲ, ಕುಣಿತವಿಲ್ಲ, ರೇಡಿಯೋಕ್ಕೆಂದೇ ಹೇಳಿ ಮಾಡಿಸಿದ ಹಾಗೆ ಬರೀ ಪದ್ಯ, ಬರೀ ಮಾತು. ವಾಲಿವಧೆಯನ್ನೇ ತೆಗೆದುಕೊಳ್ಳಿ. ಬಾಣ ತಾಗಿ ಬಿದ್ದ ವಾಲಿ ಕೇಳುತ್ತಾನೆ: ಮರೆಯಲ್ಲಿ ನಿಂತು ಏಕೆ ಹೊಡೆದೆ? ರಾಮನ ಉತ್ತರಗಳು ವಾಲ್ಮೀಕಿಯಲ್ಲೇ ಇವೆ. ತಮ್ಮನ ಹೆಂಡತಿಯನ್ನು ಇಟ್ಟುಕೊಂಡದ್ದು ಅಧರ್ಮ. ಈ ನೆಲ ಇಕ್ಷ್ವಾಕುಗಳದ್ದು, ಭರತನ ಪರವಾಗಿ ದಂಡಿಸಿದೆ. ಸಾಲದ್ದಕ್ಕೆ ನೀನು ಕಪಿ, ಮೃಗವನ್ನು ಮರೆಯಿಂದ ಹೊಡೆದರೆ ದೋಷವಿಲ್ಲ. ವಾಲಿಯ ಮಾತನ್ನು ಅಲ್ಲೇ ಕಟ್ಟಿ ಹೇಳುವ ಗಟ್ಟಿ ಅರ್ಥಧಾರಿ ಇಲ್ಲಿ ಬಿಡುವವನಲ್ಲ. ನಾನು ಮೃಗವಾದರೆ ಮನುಷ್ಯರ ಮದುವೆಯ ಕಟ್ಟಳೆ ನನಗೇಕೆ? ಆ ಕಟ್ಟಳೆ ನನಗೂ ಉಂಟಾದರೆ, ಎದುರು ನಿಂತು ಕಾದುವ ಮರ್ಯಾದೆ ಮಾತ್ರ ನನಗೆ ಏಕಿಲ್ಲ? ಎರಡರಲ್ಲಿ ಒಂದನ್ನು ಹೇಳು, ರಾಘವ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಗೆ ಹೆಸರು ಬಂದದ್ದು ಸುಮ್ಮನೆ ಅಲ್ಲ. ಹೀಗೆ ಕೇಳುವ ಕಲಾವಿದರಿಗೆ ರಾಮ ದೇವರೆಂಬುದರಲ್ಲಿ ಸಂಶಯವಿರುವುದಿಲ್ಲ, ಆದರೂ ರಾಮನಿಗೆ ರಿಯಾಯಿತಿ ಕೊಡುವುದಿಲ್ಲ. ನನ್ನ ವಿಚಾರವಾದಿ ಗೆಳೆಯರು “ರಾಮ ಇದ್ದದ್ದಕ್ಕೆ ಪುರಾವೆ ಏನು?” ಎನ್ನುತ್ತಾರೆ. ಆಗಬಹುದು, ಆದರೆ ಅಲ್ಲಿಗೆ ಮಾತು ಮುಗಿದು ಕಾಫಿ ತರಿಸಬೇಕಾಗುತ್ತದೆ.

ಇನ್ನೊಂದು, ದೂರದ್ದು. 1948ರ ಜನವರಿಯಲ್ಲಿ ಬಿಬಿಸಿ ರೇಡಿಯೋದಲ್ಲಿ ದೇವರನ್ನು ಒಪ್ಪದ ತತ್ವಜ್ಞಾನಿ ಬರ್ಟ್ರಂಡ್ ರಸೆಲ್ ಮತ್ತು ಜೆಸ್ವಿಟ್ ಪಾದ್ರಿ ಕೊಪ್ಲ್‌ಸ್ಟನ್ ದೇವರ ಅಸ್ತಿತ್ವದ ಬಗ್ಗೆ ಚರ್ಚಿಸಿದರು. ದೇವರೆಂದರೆ ಜಗತ್ತಿನಿಂದ ಬೇರೆಯಾದ, ಜಗತ್ತನ್ನು ಸೃಷ್ಟಿಸಿದ ಪರಮ ಪುರುಷ ಎಂದು ಪಾದ್ರಿ ಹೇಳಿದರು, ರಸೆಲ್ ಒಪ್ಪಿದರು, ಆಮೇಲೆ ಜಗಳ. ಜಗತ್ತಿಗೆಲ್ಲ ಒಂದು ಕಾರಣ ಬೇಡವೇ ಎಂದರೆ ರಸೆಲ್, ಪ್ರತಿ ಮನುಷ್ಯನಿಗೂ ತಾಯಿ ಇದ್ದಾಳೆಂದ ಮಾತ್ರಕ್ಕೆ ಮನುಷ್ಯಕುಲಕ್ಕೇ ಒಬ್ಬಳು ತಾಯಿ ಇರಬೇಕೇ ಎಂದರು. ನಾನು ರಸೆಲ್ ಪಕ್ಷದವನು. ಆದರೂ, ನಾನು ಹೇಳುವ ಕಾರಣ ಆ ಸಾಲಿನಲ್ಲಿ ಮತ್ತೊಂದಲ್ಲ, ಸಾಲಿಗೇ ಹೊರಗಿನದು ಎಂದು ಪಾದ್ರಿ ಹಿಂದಿರುಗಿಸಿದ ಏಟು ಚೆನ್ನಾಗಿತ್ತು ಎಂದು ಹೇಳದಿದ್ದರೆ ಅನ್ಯಾಯವಾದೀತು. ಅಲ್ಲಿ ನಮ್ಮ ಉಡುಪಿಯ ರಥಬೀದಿಯ ಮಾಧ್ವ ಪಂಡಿತರೊಬ್ಬರು ಕೂತಿದ್ದರೆ ಇಬ್ಬರನ್ನೂ ಮೊದಲ ವಾಕ್ಯದಲ್ಲೇ ತಡೆಯುತ್ತಿದ್ದರು. ದೇವರು ಜಗತ್ತಿನಿಂದ ಬೇರೆ ಎಂಬುದು ಮಧ್ವರಿಗೆ ಪೂರ್ತಿ ಒಪ್ಪಿಗೆ. ಆದರೆ ಅವರ ಮತದಲ್ಲಿ ಪ್ರಕೃತಿಯೂ ಜೀವರೂ ಅನಾದಿ, ವಿಷ್ಣು ನಿಮಿತ್ತಕಾರಣ ಮಾತ್ರ, ಮಡಕೆಗೆ ಕುಂಬಾರನಿದ್ದ ಹಾಗೆ. ಏನೂ ಇಲ್ಲದಲ್ಲಿಂದ ಸೃಷ್ಟಿ ಎಂಬ ಮಾತಿಗೆ ಅಲ್ಲಿ ಜಾಗವಿಲ್ಲ. ಒಂದು ವಾಕ್ಯಕ್ಕೆ ಮೂರು ಪಕ್ಷ!

ಎದುರಾಳಿಯ ಮಾತನ್ನು ಮೊದಲು ಅವನಿಗಿಂತ ಚೆನ್ನಾಗಿ ಹೇಳಿ ಆಮೇಲೆ ಖಂಡಿಸುವುದು ನಮ್ಮ ವಾಕ್ಯಾರ್ಥದ, ಅಂದರೆ ಪಂಡಿತರ ಶಾಸ್ತ್ರಚರ್ಚೆಯ, ರೂಢಿ. ಮಧ್ವರ ದ್ವೈತ ಪಕ್ಷದ ವ್ಯಾಸತೀರ್ಥರು ಅದ್ವೈತವನ್ನು ಖಂಡಿಸಿದರೆ ಅದ್ವೈತಿಗಳಾದ ಮಧುಸೂದನ ಸರಸ್ವತಿಗಳು ಸಾಲುಸಾಲಾಗಿ ಉತ್ತರಿಸಿದರು, ಅದಕ್ಕೆ ದ್ವೈತ ಪಕ್ಷದ ವ್ಯಾಸ ರಾಮಾಚಾರ್ಯರು ಮತ್ತೆ ಉತ್ತರ ಬರೆದರು. ಈ ಮರ್ಯಾದೆ ತಪ್ಪಿದ ಕಡೆ ನಾನು ರೇಡಿಯೋ ಬಂದ್ ಮಾಡುತ್ತೇನೆ. ಕೇಳುಗ ಫೋನ್ ಮಾಡಿ ಅರ್ಧ ವಾಕ್ಯ ಹೇಳುವಷ್ಟರಲ್ಲಿ ನಿರೂಪಕ ಸಂಪರ್ಕ ಕಡಿದು ತಾನೇ ಗೆದ್ದೆನೆಂದು ನಗುವ ಕಾರ್ಯಕ್ರಮಗಳಿವೆ. ನಾಸ್ತಿಕರು ನಡೆಸುವಂಥವೂ ಇದಕ್ಕೆ ಹೊರತಲ್ಲ, ಮತ್ತು ಅವು ಇನ್ನೂ ಬೇಸರ, ಏಕೆಂದರೆ ಅವರು ಮುಂದೆ ಏನು ಹೇಳುತ್ತಾರೆಂದು ನನಗೆ ಮೊದಲೇ ಗೊತ್ತು.

ಇಷ್ಟೆಲ್ಲ ಕೇಳಿ ನಂಬಿಕೆ ಹುಟ್ಟಿತೇ ಎಂದರೆ, ಇಲ್ಲ.

ಇನ್ನು ನಿಮ್ಮ ಮಗನ ವಿಷಯ. ಪ್ರವಚನ ಬೇಡ, ಕ್ಷೇತ್ರಮಹಾತ್ಮೆಯೂ ಸದ್ಯಕ್ಕೆ ಬೇಡ. ವಾಲಿವಧೆಯ ಹಳೆಯ ಧ್ವನಿಮುದ್ರಣ ಒಂದನ್ನು ಹಾಕಿ, ಇಬ್ಬರೂ ಸಮ ಅರ್ಥಧಾರಿಗಳಿರುವುದು ಮುಖ್ಯ. ಅವನು ವಾಲಿಯ ಪಕ್ಷ ಹಿಡಿದೇ ಹಿಡಿಯುತ್ತಾನೆ. ನೀವು ಬೇಸರಿಸದೆ ರಾಮನ ಅರ್ಥ ಹೇಳಿ; ಊಟ ತಡವಾದರೆ ಮನೆಯವರ ಬೈಗುಳಕ್ಕೆ ನಾನು ಹೊಣೆಯಲ್ಲ.

— ಸಂಪಾದಕ