ತೂಕದ ಚೀಟಿ ಹೇಳುವುದೆಷ್ಟು, ಅಳತೆಯ ಟೇಪು ಹೇಳುವುದೆಷ್ಟು?

ಪ್ರಶ್ನೆ: ನಾನು ಕಲಬುರಗಿಯವನು. ವಯಸ್ಸು 26, ಎತ್ತರ 168 ಸೆಂಟಿಮೀಟರ್, ತೂಕ 76 ಕಿಲೋ. ಎಂಟು ವರ್ಷಗಳಿಂದ ದಿನ ಬೆಳಗಾದರೆ ತಾಲೀಮಿಗೆ ಹೋಗುತ್ತೇನೆ, ದಂಡ, ಬೈಠಕ್ ಹೊಡೆಯುತ್ತೇನೆ, ಜಾತ್ರೆಯ ಕುಸ್ತಿಗಳಲ್ಲೂ ಇಳಿದಿದ್ದೇನೆ. ಕಳೆದ ತಿಂಗಳು ನಮ್ಮ ಓಣಿಯಲ್ಲಿ ನಡೆದ ಆರೋಗ್ಯ ಶಿಬಿರದಲ್ಲಿ ನನ್ನ ಬಿಎಂಐ 26.9 ಇದೆ, ಬೊಜ್ಜು ಇಳಿಸಬೇಕು ಎಂದು ಚೀಟಿ ಬರೆದುಕೊಟ್ಟರು. ನನ್ನಷ್ಟೇ ಎತ್ತರದ ಅಣ್ಣನಿಗೆ 41 ವರ್ಷ, 63 ಕಿಲೋ ತೂಕ. ಬಟ್ಟೆ ಅಂಗಡಿಯಲ್ಲಿ ಗಲ್ಲೆಯ ಮೇಲೆ ಕೂರುವ ಕೆಲಸ. ಅವನ ಚೀಟಿಯಲ್ಲಿ 22.3, ನಾರ್ಮಲ್ ಎಂದಿತ್ತು. ಆದರೆ ಎರಡು ಮಹಡಿ ಹತ್ತಿದರೆ ಅವನಿಗೆ ಏದುಸಿರು ಬರುತ್ತದೆ, ಎರಡು-ಮೂರು ತಿಂಗಳ ರಕ್ತದ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಬೇರೆ 6.1 ಬಂದಿದೆ. ಅವ್ವ ಮಾತ್ರ ಆ ಚೀಟಿಗಳನ್ನು ಕೇಳಿಸಿಕೊಂಡಾಗಿನಿಂದ ನನ್ನ ತಾಟಿಗೆ ತುಪ್ಪ ಹಾಕುವುದನ್ನು ನಿಲ್ಲಿಸಿದ್ದಾಳೆ, ಅಣ್ಣನಿಗೆ ಎರಡು ಚಮಚ ಹೆಚ್ಚು ಹಾಕುತ್ತಿದ್ದಾಳೆ. ಈ ಲೆಕ್ಕವನ್ನು ಎಷ್ಟರ ಮಟ್ಟಿಗೆ ನಂಬಬೇಕು?

ಉತ್ತರ: ಶಿಬಿರದವರು ಲೆಕ್ಕದಲ್ಲಿ ತಪ್ಪಿಲ್ಲ. ಕಿಲೋದಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ಬರುವುದೇ ಬಿಎಂಐ. ನಿಮ್ಮಿಬ್ಬರ ಎತ್ತರ 1.68 ಮೀಟರ್, ಅದರ ವರ್ಗ ಸುಮಾರು 2.82, ಅದರಿಂದ 76ನ್ನು ಭಾಗಿಸಿದರೆ 26.9, 63ನ್ನು ಭಾಗಿಸಿದರೆ 22.3. ಭಾರತೀಯರಿಗೆ 18ರಿಂದ 22.9ರವರೆಗೆ ಸಹಜ, 23ರಿಂದ ಹೆಚ್ಚು ತೂಕ, 25 ಮುಟ್ಟಿದರೆ ಬೊಜ್ಜು ಎಂಬ ಮಿತಿಗಳನ್ನು ನಮ್ಮ ದೇಶದ ತಜ್ಞರು 2009ರಲ್ಲಿ ಒಮ್ಮತದಿಂದ ಸೂಚಿಸಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಸಾಮಾನ್ಯ ಪಟ್ಟಿಯಲ್ಲಿ ಇದೇ ಮಿತಿಗಳು 25 ಮತ್ತು 30. ಆದ್ದರಿಂದ ಚೀಟಿಯ ಅಂಕಿಗಳು ಸರಿ. ಆ ಅಂಕಿಯೊಂದನ್ನೇ ಹಿಡಿದುಕೊಂಡು ತಮ್ಮನ ಮೈಯಲ್ಲಿ ಕೊಬ್ಬು ಹೆಚ್ಚಾಗಿದೆ, ಅಣ್ಣನ ಮೈ ಹದವಾಗಿದೆ ಎಂದು ತೀರ್ಪು ಕೊಟ್ಟದ್ದು ಸರಿಯಲ್ಲ.

ತೂಕದ ಯಂತ್ರದ ಮೇಲೆ ನಿಂತಾಗ ಎಲುಬು, ಸ್ನಾಯು, ನೀರು, ಕೊಬ್ಬು, ಬೆಳಿಗ್ಗೆ ತಿಂದ ಸುಸಲಾ ಎಲ್ಲ ಸೇರಿ ಒಂದೇ ಅಂಕಿಯಾಗಿ ಕಾಣುತ್ತವೆ. ಅದನ್ನು ಎತ್ತರದಿಂದ ಭಾಗಿಸಿದ ಮಾತ್ರಕ್ಕೆ ಅವು ಬೇರೆ ಬೇರೆಯಾಗುವುದಿಲ್ಲ. ಸ್ನಾಯು ಕೊಬ್ಬಿಗಿಂತ ಸಾಂದ್ರವಾದದ್ದು, ಅಂದರೆ ಅಷ್ಟೇ ತೂಕದ ಕೊಬ್ಬು ಸ್ನಾಯುವಿಗಿಂತ ಹೆಚ್ಚು ಜಾಗ ಹಿಡಿಯುತ್ತದೆ. ಎಂಟು ವರ್ಷ ಬೈಠಕ್ ಹೊಡೆದ ತೊಡೆಯ ಭಾರವನ್ನೂ ಎಂಟು ವರ್ಷ ಗಲ್ಲೆಯ ಹಿಂದೆ ಕುಳಿತು ಬೆಳೆದ ಹೊಟ್ಟೆಯ ಭಾರವನ್ನೂ ಈ ಸೂತ್ರ ಒಂದೇ ತಕ್ಕಡಿಯಲ್ಲಿ ತೂಗುತ್ತದೆ.

ಈ ಸೂತ್ರ ಹುಟ್ಟಿದ್ದು ಯಾರೊಬ್ಬರ ಆರೋಗ್ಯ ನೋಡುವುದಕ್ಕಲ್ಲ ಎಂಬುದನ್ನೂ ತಿಳಿದಿರುವುದು ಒಳ್ಳೆಯದು. ಬೆಲ್ಜಿಯಂ ದೇಶದ ಅಡಾಲ್ಫ್ ಕೆಟ್ಲೆ ಎಂಬಾತ ಖಗೋಳ ವಿಜ್ಞಾನಿ, ಗಣಿತಜ್ಞ; ವೈದ್ಯನಲ್ಲ. ಜನಸಮುದಾಯದಲ್ಲಿ ‘ಸರಾಸರಿ ಮನುಷ್ಯ’ ಹೇಗಿರುತ್ತಾನೆ ಎಂದು ಹುಡುಕುತ್ತಿದ್ದ ಅವನು, ಬೆಳೆದ ಮನುಷ್ಯರ ತೂಕವು ಹೆಚ್ಚುಕಡಿಮೆ ಎತ್ತರದ ವರ್ಗಕ್ಕೆ ಅನುಗುಣವಾಗಿರುತ್ತದೆ ಎಂಬುದನ್ನು 1830ರ ದಶಕದಲ್ಲಿ ಗುರುತಿಸಿದ. ಅದಕ್ಕೆ ಬಾಡಿ ಮಾಸ್ ಇಂಡೆಕ್ಸ್ ಎಂಬ ಹೆಸರು ಬಂದದ್ದು 1972ರಲ್ಲಿ, ಅಮೆರಿಕದ ಆನ್ಸೆಲ್ ಕೀಸ್ ಮತ್ತು ಸಂಗಡಿಗರು ಹಲವು ದೇಶಗಳ ಏಳು ಸಾವಿರಕ್ಕೂ ಹೆಚ್ಚು ಗಂಡಸರ ಅಳತೆಗಳನ್ನು ಹೋಲಿಸಿದಾಗ. ಹೆಂಗಸರು ಆ ಲೆಕ್ಕದಲ್ಲೇ ಇರಲಿಲ್ಲ. ಒಂದು ಜಿಲ್ಲೆಯ ಜನರ ಸರಾಸರಿ ಹತ್ತು ವರ್ಷದಲ್ಲಿ ಏರಿತೇ ಇಳಿಯಿತೇ ಎಂದು ನೋಡಲು ಇಷ್ಟು ಅಗ್ಗದ, ಇಷ್ಟು ಸುಲಭದ ಸಾಧನ ಇನ್ನೊಂದಿಲ್ಲ; ಅದನ್ನು ನಾನು ಹಗುರಾಗಿ ಕಾಣುವುದಿಲ್ಲ. ಆದರೆ ಜಿಲ್ಲೆಯ ಸರಾಸರಿ ಮಳೆಯ ಅಂಕಿ ನೋಡಿ ನಿಮ್ಮ ಹೊಲದ ತೊಗರಿಗೆ ಹದ ಸಿಕ್ಕಿತೋ ಇಲ್ಲವೋ ಹೇಳಲಾಗದು.

ನಿಮ್ಮ ಅಣ್ಣನ 22.3 ಎಂಬ ಅಂಕಿಯನ್ನು ನೋಡಿದಾಗ ನನಗೆ ಒಂದು ಹಳೆಯ ಪ್ರಸಂಗ ನೆನಪಾಯಿತು. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ವೈದ್ಯ ಜಾನ್ ಯುಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮಿಬ್ಬರದೇ ದೇಹದ ಅಳತೆಗಳನ್ನು ಪ್ರಕಟಿಸಿದರು. ಇಬ್ಬರ ಬಿಎಂಐ ಕೂಡ 22.3. ಕ್ಷಕಿರಣದಿಂದ ದೇಹದ ಕೊಬ್ಬನ್ನು ಅಳೆಯುವ ಡೆಕ್ಸಾ ಯಂತ್ರದಲ್ಲಿ ನೋಡಿದರೆ ಯುಡ್ಕಿನ್ ಅವರ ಮೈಯಲ್ಲಿ ಕೊಬ್ಬು ಶೇ 9.1, ಯಾಜ್ಞಿಕ್ ಅವರ ಮೈಯಲ್ಲಿ ಶೇ 21.2. ಚೀಟಿ ಬರೆಯುವವರ ಕೈಗೆ ಸಿಕ್ಕಿದ್ದರೆ ಇಬ್ಬರಿಗೂ ‘ನಾರ್ಮಲ್’ ಎಂದೇ ಬರೆಯುತ್ತಿದ್ದರು. ಕೈಕಾಲು ಸಣಕಲು, ಹೊಟ್ಟೆಯಲ್ಲಿ ಕೊಬ್ಬು, ಸ್ನಾಯು ಕಡಿಮೆ: ಭಾರತೀಯರಲ್ಲಿ ಬಹಳ ಜನರ ಮೈಕಟ್ಟು ಇದು. ನಮಗೆ ಮಿತಿಯನ್ನು 23ಕ್ಕೆ ಇಳಿಸಿರುವುದೂ ಇದೇ ಕಾರಣಕ್ಕೆ. ಇಳಿಸಿದರೂ ನಿಮ್ಮ ಅಣ್ಣನಂಥವರು ಜಾಲರಿಯಿಂದ ಜಾರಿಕೊಳ್ಳುತ್ತಾರೆ.

ನಿಮ್ಮ ಪತ್ರದಲ್ಲಿ ಸೊಂಟದ ಅಳತೆ ಇರಲಿಲ್ಲ. ಫೋನಿನಲ್ಲಿ ಕೇಳಿದಾಗ ನಿಮ್ಮ ಅಣ್ಣ, ‘ನನ್ನ ಪ್ಯಾಂಟು 34 ರೀ ಸಾಹೇಬ್ರ’ ಎಂದರು. 34 ಇಂಚು ಎಂದರೆ 86 ಸೆಂಟಿಮೀಟರ್. ಭಾರತೀಯ ಗಂಡಸರಿಗೆ ಹೇಳಿರುವ 90ರ ಮಿತಿಯ ಒಳಗೇ ಆಯಿತು. ಆದರೆ ಪ್ಯಾಂಟನ್ನು ಎಲ್ಲಿ ಕಟ್ಟುತ್ತೀರಿ ಎಂದು ಕೇಳಿದ ಮೇಲೆ ನಿಜಸಂಗತಿ ಹೊರಬಿತ್ತು: ಬೆಲ್ಟು ಹೊಟ್ಟೆಯ ಕೆಳಗೆ, ಹೊಟ್ಟೆ ಬೆಲ್ಟಿನ ಮೇಲೆ. ದರ್ಜಿಯ ಟೇಪು ತರಿಸಿ, ಅಂಗಿ ಮೇಲೆತ್ತಿ, ಕೊನೆಯ ಪಕ್ಕೆಲುಬಿನ ಕೆಳತುದಿಗೂ ಸೊಂಟದ ಎಲುಬಿನ ಮೇಲಂಚಿಗೂ ನಡುಮಧ್ಯೆ ಟೇಪು ಸುತ್ತಿ, ಉಸಿರನ್ನು ಸಹಜವಾಗಿ ಹೊರಬಿಟ್ಟ ಗಳಿಗೆಯಲ್ಲಿ ಓದಲು ಹೇಳಿದೆ. 94 ಸೆಂಟಿಮೀಟರ್ ಬಂತು. ಅದೇ ಟೇಪಿನಲ್ಲಿ ನಿಮ್ಮದು 81.

ಗಂಡಸರಿಗೆ 90, ಹೆಂಗಸರಿಗೆ 80 ಎಂಬ ಮಿತಿ ನೆನಪಿನಲ್ಲಿ ಉಳಿಯದಿದ್ದರೆ ಇನ್ನೂ ಸುಲಭದ ಲೆಕ್ಕವಿದೆ: ಸೊಂಟದ ಸುತ್ತಳತೆ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು. ನಿಮ್ಮಿಬ್ಬರಿಗೂ ಆ ಅರ್ಧ 84. ನಿಮ್ಮದು ಒಳಗಿದೆ, ಅಣ್ಣನದು ಹತ್ತು ಸೆಂಟಿಮೀಟರ್ ಹೊರಗಿದೆ. ಕರುಳಿನ ಸುತ್ತ ಶೇಖರವಾಗುವ ಕೊಬ್ಬಿನ ರಕ್ತ ನೇರವಾಗಿ ಯಕೃತ್ತಿಗೆ ಹೋಗಿ ಸೇರುತ್ತದೆ; ಯಕೃತ್ತಿನಲ್ಲಿ ಕೊಬ್ಬು ತುಂಬಿದಂತೆ ಇನ್ಸುಲಿನ್ ಮಾತು ನಡೆಯದಾಗುತ್ತದೆ, ಸಕ್ಕರೆ ಮೆಲ್ಲಗೆ ಏರುತ್ತದೆ. ಎಚ್‌ಬಿಎ1ಸಿ 5.7ರಿಂದ 6.4ರವರೆಗೆ ಇದ್ದರೆ ಅದು ಸಕ್ಕರೆ ಕಾಯಿಲೆಯ ಹೊಸ್ತಿಲು, ಅವರ 6.1 ಅಲ್ಲಿಯೇ ನಿಂತಿದೆ. ಎರಡು ಮಹಡಿಗೆ ಏದುಸಿರು ಬರುವುದನ್ನು ‘ವ್ಯಾಯಾಮ ಇಲ್ಲ, ಅದಕ್ಕೇ’ ಎಂದು ನೀವೇ ತೀರ್ಮಾನಿಸಬೇಡಿ. ನಡಿಗೆ ಆರಂಭಿಸುವ ಮೊದಲು ರಕ್ತದೊತ್ತಡ, ಹಿಮೋಗ್ಲೋಬಿನ್, ಇಸಿಜಿ ನೋಡಿಸಿ, ವೈದ್ಯರು ಹೃದಯ ಪರೀಕ್ಷೆ ಹೇಳಿದರೆ ಅದನ್ನೂ ಮಾಡಿಸಿ.

ಅದಾದ ಮೇಲೆ ಅವರಿಗೆ ಬೇಕಾದದ್ದು ವಾರಕ್ಕೆ ಕನಿಷ್ಠ 150 ನಿಮಿಷದ ಚುರುಕು ನಡಿಗೆ, ಜೊತೆಗೆ ವಾರದಲ್ಲಿ ಎರಡು ದಿನ ಸ್ನಾಯುಗಳಿಗೆ ಕೆಲಸ. ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅಷ್ಟು ಚುರುಕು ಸಾಕು. ಅಪ್ಪನ ಕೆರೆಯ ಸುತ್ತ ಹರಟೆ ಹೊಡೆಯುತ್ತ, ಪ್ರತಿ ಸುತ್ತಿಗೊಮ್ಮೆ ಚಹಾಕ್ಕೆ ನಿಲ್ಲುವ ನಡಿಗೆಯನ್ನು ನಾನು ಇದರಲ್ಲಿ ಲೆಕ್ಕ ಹಿಡಿಯುವುದಿಲ್ಲ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವುದರಿಂದ ಬೆಳಿಗ್ಗೆ ಏಳರೊಳಗೆ ಮುಗಿಸುವುದು ಕ್ಷೇಮ. ಮೂರು ತಿಂಗಳಾದರೂ ತೂಕದ ಮುಳ್ಳು ಅಲುಗಲಿಲ್ಲ ಎಂದು ಅವರು ಬೇಸರಪಡುವ ಸಂಭವವಿದೆ, ಏಕೆಂದರೆ ಕೊಬ್ಬು ಕರಗುವಾಗ ಸ್ನಾಯು ಬೆಳೆದರೆ ತೂಕ ಇದ್ದಲ್ಲೇ ಇರುತ್ತದೆ, ಬಿಎಂಐ ಕೂಡ 22.3ರಲ್ಲೇ ನಿಂತಿರುತ್ತದೆ. ಆಗ ಟೇಪು ನೋಡಬೇಕು, ಮಹಡಿ ಹತ್ತಿ ನೋಡಬೇಕು.

ಇನ್ನು ನಿಮ್ಮ ವಿಷಯ. ನಿಮ್ಮ 26.9ರ ಬಹುಪಾಲು ತಾಲೀಮಿನ ಗಳಿಕೆ ಎಂದು ಸೊಂಟದ ಅಳತೆ ಹೇಳುತ್ತದೆ, ತೂಕ ಇಳಿಸುವ ಅಗತ್ಯ ನನಗೆ ಕಾಣುತ್ತಿಲ್ಲ. ಆದರೂ ಎರಡು ಮಾತು. ದಮ್ಮು ಎಷ್ಟಿದೆ ಎಂದು ತಿಳಿಯಬೇಕಾದರೆ ತಾಲೀಮಿನ ಕಠಿಣ ಭಾಗ ಮುಗಿಸಿದ ತಕ್ಷಣ ಮಣಿಕಟ್ಟಿನ ನಾಡಿ ಎಣಿಸಿ, ಒಂದು ನಿಮಿಷ ಬಿಟ್ಟು ಮತ್ತೆ ಎಣಿಸಿ. ಆ ಒಂದು ನಿಮಿಷದಲ್ಲಿ ನಿಮಿಷಕ್ಕೆ ಹನ್ನೆರಡು ಬಡಿತದಷ್ಟಾದರೂ ಇಳಿಯದಿದ್ದರೆ, ಮೈ ಎಷ್ಟೇ ಹುರಿಗಟ್ಟಿರಲಿ, ವೈದ್ಯರನ್ನು ಕಾಣಿ. ಎರಡನೆಯದು, ತಾಲೀಮು ಬಿಟ್ಟ ದಿನ ಪೈಲ್ವಾನರ ಊಟವನ್ನೂ ಬಿಡಬೇಕು. ಕುಸ್ತಿ ನಿಂತರೂ ಹಾಲು, ಬಾದಾಮಿ, ತುಪ್ಪ ಹಾಗೆಯೇ ನಡೆದುಬಂದು, ನಲವತ್ತೈದರ ಹೊತ್ತಿಗೆ ಸಕ್ಕರೆ, ಬಿಪಿ ಎರಡನ್ನೂ ಹೊತ್ತು ನನ್ನ ಬಳಿಗೆ ಬಂದ ಹಳೆಯ ಪೈಲ್ವಾನರು ಒಬ್ಬಿಬ್ಬರಲ್ಲ. ಅವರ ಬಿಎಂಐ ಆಗಲೂ 27, ಈಗಲೂ 27; ಒಳಗಿನ ಸರಕು ಬದಲಾಗಿರುತ್ತದೆ.

ಈ ಉತ್ತರ ಓದಿ ‘ಹಾಗಾದರೆ ನನ್ನದೂ ಸ್ನಾಯುವೇ ಇರಬೇಕು’ ಎಂದುಕೊಳ್ಳುವವರಿಗೂ ಒಂದು ಮಾತು ಹೇಳಬೇಕು. ತಾಲೀಮಿನ ಮಣ್ಣು ಮೆಟ್ಟದವರಲ್ಲಿ 27 ಎಂಬ ಅಂಕಿ ಬಹುತೇಕ ಕೊಬ್ಬನ್ನೇ ಹೇಳುತ್ತದೆ, 30 ದಾಟಿದರಂತೂ ಸಂಶಯಕ್ಕೆ ಎಡೆ ತೀರ ಕಡಿಮೆ. ಜಿಮ್ಮುಗಳಲ್ಲಿ ಬರಿಗಾಲಲ್ಲಿ ನಿಲ್ಲಿಸಿ ಕೊಬ್ಬಿನ ಪ್ರಮಾಣ ಹೇಳುವ ಯಂತ್ರಗಳು ದೇಹದ ಮೂಲಕ ಸಣ್ಣ ವಿದ್ಯುತ್ ಹರಿಸಿ ಅಂದಾಜು ಕಟ್ಟುತ್ತವೆ. ಬೆವರಿ ನೀರು ಕಳೆದುಕೊಂಡಾಗ ಅದೇ ಯಂತ್ರ ಅದೇ ಮನುಷ್ಯನಿಗೆ ಬೇರೆ ಅಂಕಿ ತೋರಿಸುತ್ತದೆ. ಅದಕ್ಕೆ ದುಡ್ಡು ಕೊಡುವ ಬದಲು ಹತ್ತಿಪ್ಪತ್ತು ರೂಪಾಯಿಯ ಟೇಪು ಕೊಳ್ಳಿ.

ತುಪ್ಪದ ಚಮಚದ ವಿಷಯದಲ್ಲಿ ನಿಮ್ಮ ಅವ್ವನಿಗೆ ಈ ಪತ್ರಿಕೆಯನ್ನು ಓದಿ ಹೇಳಿ.

ಪ್ರಶ್ನೆ: ನಾನು ಬೀದರಿನ ನಿವೃತ್ತ ಶಿಕ್ಷಕಿ, ವಯಸ್ಸು 64. ಮೂವತ್ತು ವರ್ಷಗಳಿಂದ ನನ್ನ ತೂಕ 58 ಕಿಲೋ ದಾಟಿಲ್ಲ ಎಂಬ ಹೆಮ್ಮೆ ನನಗಿತ್ತು. ಈಚೆಗೆ ಬಿಎಂಐ 23.2 ಇದ್ದದ್ದು 24.5 ಆಗಿದೆ ಎನ್ನುತ್ತಾರೆ. ತೂಕ ಹೆಚ್ಚದೆ ಇದು ಹೇಗೆ ಹೆಚ್ಚಿತು? ಊಟ ಕಡಿಮೆ ಮಾಡಲೇ?

ಉತ್ತರ: ನಿಮ್ಮ ಎತ್ತರ ಮೊದಲು 158 ಸೆಂಟಿಮೀಟರ್ ಇದ್ದದ್ದು ಈಗ 154ಕ್ಕೆ ಇಳಿದಿದ್ದರೆ ಈ ಎರಡು ಅಂಕಿಗಳು ಸರಿಯಾಗಿ ಹೊಂದುತ್ತವೆ. ವಯಸ್ಸಾದಂತೆ ಬೆನ್ನೆಲುಬಿನ ನಡುವಣ ಮೆತ್ತೆಗಳು ತೆಳುವಾಗುತ್ತವೆ, ಎಲುಬು ಸವೆದರೆ ಕಶೇರುಗಳೇ ಕುಸಿಯುತ್ತವೆ. ನಾಲ್ಕು ಸೆಂಟಿಮೀಟರ್ ಎತ್ತರ ಕಳೆದಿದ್ದರೆ ಊಟ ಕಡಿಮೆ ಮಾಡುವ ಮಾತು ಬಿಟ್ಟು ಮೊದಲು ಎಲುಬಿನ ಸಾಂದ್ರತೆ ನೋಡಿಸಿಕೊಳ್ಳಿ.

ಮೂವತ್ತು ವರ್ಷ ತೂಕ ಕದಲಲಿಲ್ಲ ಎಂಬುದು ಕೇಳಲು ಚೆನ್ನಾಗಿದೆ, ಆದರೆ ಈ ವಯಸ್ಸಿನಲ್ಲಿ ಸ್ನಾಯು ಕರಗಿ ಆ ಜಾಗಕ್ಕೆ ಕೊಬ್ಬು ಬಂದು ಕೂತಿರುತ್ತದೆ, ತಕ್ಕಡಿಗೆ ಅದರ ಸುಳಿವು ಸಿಗುವುದಿಲ್ಲ. ಗೋಡೆಗೆ ಒರಗಿಸಿಟ್ಟ, ಕೈಯಿಲ್ಲದ ಗಟ್ಟಿ ಕುರ್ಚಿಯ ಮೇಲೆ ಕುಳಿತು, ಕೈಗಳನ್ನು ಎದೆಯ ಮೇಲೆ ಕತ್ತರಿಯಾಗಿ ಇಟ್ಟುಕೊಂಡು, ಮೂವತ್ತು ಸೆಕೆಂಡಿನಲ್ಲಿ ಎಷ್ಟು ಬಾರಿ ಪೂರ್ತಿ ಎದ್ದು ಕೂರಬಲ್ಲಿರಿ ಎಂದು ಎಣಿಸಿ. ಪಕ್ಕದಲ್ಲಿ ಮನೆಯವರೊಬ್ಬರು ನಿಂತಿರಲಿ. 60ರಿಂದ 64 ವಯಸ್ಸಿನ ಹೆಂಗಸರಿಗೆ 12ಕ್ಕಿಂತ ಕಡಿಮೆ ಬಂದರೆ ಕಾಲಿನ ಬಲ ಸಾಲದು, ಬೀಳುವ ಭಯವಿದೆ ಎಂದು ಅರ್ಥ. ಮೊಣಕಾಲು ತಡೆಯುವುದಾದರೆ ದಿನಕ್ಕೆ ಎರಡು ಹೊತ್ತು ಇದನ್ನೇ ವ್ಯಾಯಾಮವಾಗಿ ಮಾಡಿ, ಊಟದಲ್ಲಿ ಬೇಳೆ, ಮೊಸರು, ಶೇಂಗಾ, ರೂಢಿಯಿದ್ದರೆ ಮೊಟ್ಟೆ ಹೆಚ್ಚಿಸಿಕೊಳ್ಳಿ. ನಿಮ್ಮ ವಯಸ್ಸಿಗೆ 24.5 ಎಂಬ ಅಂಕಿ ನನ್ನನ್ನು ಹೆದರಿಸುವುದಿಲ್ಲ.

ಪ್ರಶ್ನೆ: ಯಾದಗಿರಿಯಿಂದ ಬರೆಯುತ್ತಿದ್ದೇನೆ. ನನ್ನ ಮಗಳಿಗೆ 12 ವರ್ಷ, ಬಿಎಂಐ 17. ಮೊಬೈಲ್ ಆಪ್ ‘ಕಡಿಮೆ ತೂಕ’ ಎಂದು ತೋರಿಸುತ್ತಿದೆ. ಟಾನಿಕ್ ಕೊಡಿಸಬೇಕೇ?

ಉತ್ತರ: ಬೇಡ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ‘ಕಡಿಮೆ ತೂಕ’ಕ್ಕೆ ಇಟ್ಟಿರುವ 18.5ರ ಮಿತಿ ಬೆಳವಣಿಗೆ ಮುಗಿದ ದೊಡ್ಡವರದು, ಆಪ್‌ನಲ್ಲಿ ವಯಸ್ಸು ತಪ್ಪಾಗಿ ತುಂಬಿರಬೇಕು ಇಲ್ಲವೆ ಆಪ್ ವಯಸ್ಸನ್ನೇ ಕೇಳಿರಲಿಕ್ಕಿಲ್ಲ. ಮಕ್ಕಳಿಗೆ ವಯಸ್ಸು ಮತ್ತು ಲಿಂಗಕ್ಕೆ ಅನುಗುಣವಾದ ಬೇರೆಯೇ ರೇಖಾಪಟ್ಟಿಗಳಿವೆ. ನಮ್ಮ ದೇಶದ ಮಕ್ಕಳ ವೈದ್ಯರ ಸಂಘವಾದ ಐಎಪಿ 2015ರಲ್ಲಿ 5ರಿಂದ 18 ವರ್ಷದವರಿಗಾಗಿ ಅಂಥ ಪಟ್ಟಿಗಳನ್ನು ಪ್ರಕಟಿಸಿದೆ. 12 ವರ್ಷದ ಹುಡುಗಿಗೆ 17 ಎಂಬುದು ಸಹಜವಾದ ಅಂಕಿ. ಆರು ತಿಂಗಳಿಗೊಮ್ಮೆ ಅವಳ ಎತ್ತರ, ತೂಕ ಎರಡನ್ನೂ ಬರೆದಿಟ್ಟುಕೊಂಡು, ಮುಂದಿನ ಸಲ ವೈದ್ಯರ ಬಳಿ ಹೋದಾಗ ಆ ಚೀಟಿಯನ್ನು ತೋರಿಸಿ.